ಓಪೆಥ್ ತಂಡದ ಹೊಸ ಆಲ್ಬಮ್‌ನಲ್ಲಿ ಮರಳಿ ಬಂದ ಗ್ರೌಲ್ ಯಾರ ದನಿ?

ಪ್ರಶ್ನೆ

ಸ್ವೀಡನ್ನಿನ ಓಪೆಥ್ ಎಂಬ ಮೆಟಲ್ ಸಂಗೀತ ತಂಡದ ಹದಿನಾಲ್ಕನೆಯ ಆಲ್ಬಮ್ ‘ದಿ ಲಾಸ್ಟ್ ವಿಲ್ ಆ್ಯಂಡ್ ಟೆಸ್ಟಮೆಂಟ್’ ಅನ್ನು ನಾನು ಈವರೆಗೆ ನಾಲ್ಕು ಸಲ ಮೊದಲಿನಿಂದ ಕೊನೆಯವರೆಗೆ ಕೇಳಿದ್ದೇನೆ. ಆದರೂ ಅದು ನನಗೆ ಇಷ್ಟವಾಯಿತೋ ಇಲ್ಲವೋ ಎಂದು ಖಚಿತವಾಗಿ ಹೇಳಲಾರದ ಸ್ಥಿತಿಯಲ್ಲಿದ್ದೇನೆ. 2024ರ ನವೆಂಬರ್ 22ರಂದು ಅದು ಹೊರಬರುವ ಮೊದಲೇ, ಆಗಸ್ಟ್‌ನಲ್ಲಿ ಮೊದಲ ಹಾಡು ಬಿಡುಗಡೆಯಾದ ದಿನದಿಂದಲೇ, ಎಲ್ಲರ ಬಾಯಲ್ಲೂ ಒಂದೇ ಮಾತಿತ್ತು: ತಂಡದ ಗಾಯಕ ಮೈಕೆಲ್ ಓಕರ್‌ಫೆಲ್ಟ್ ಮತ್ತೆ ಗ್ರೌಲ್, ಅಂದರೆ ಗಂಟಲಿನಾಳದಿಂದ ಗುಡುಗುವ ಗಾಯನ, ಮಾಡಿದ್ದಾರೆ. 2008ರ ‘ವಾಟರ್‌ಶೆಡ್’ ನಂತರ ಬಂದ ನಾಲ್ಕು ಆಲ್ಬಮ್‌ಗಳಲ್ಲಿ ಕೇಳದೆ ಹೋಗಿದ್ದ ಆ ದನಿಗಾಗಿ ಹದಿನಾರು ವರ್ಷ ಕಾದವರಲ್ಲಿ ನಾನೂ ಒಬ್ಬ.

ನಾನು ಈ ತಂಡವನ್ನು ಹೊಕ್ಕದ್ದು 2001ರ ‘ಬ್ಲ್ಯಾಕ್‌ವಾಟರ್ ಪಾರ್ಕ್’ ಮೂಲಕ. ಹತ್ತು ಹನ್ನೆರಡು ನಿಮಿಷಗಳ ಹಾಡುಗಳು, ಒಂದು ರಿಫ್ (ಮರಳಿ ಮರಳಿ ಬರುವ ಗಿಟಾರ್ ತುಣುಕು) ನೆಲೆಯೂರಿ ತನ್ನ ಭಾರವನ್ನೆಲ್ಲ ಇಳಿಸುವವರೆಗೆ ಮುಂದಕ್ಕೆ ಹೋಗದ ತಾಳ್ಮೆ, ಗ್ರೌಲ್ ಮುಗಿದು ಅಕೂಸ್ಟಿಕ್ ಗಿಟಾರ್ ಆರಂಭವಾಗುವ ಗಳಿಗೆಯಲ್ಲಿ ಕೋಣೆಯ ಬೆಳಕೇ ಬದಲಾದಂತೆನಿಸುವ ಅನುಭವ, ಇವೇ ನನಗೆ ಓಪೆಥ್ ಆಗಿದ್ದವು. 2011ರ ‘ಹೆರಿಟೇಜ್’ನಿಂದ ಅವರು ಎಪ್ಪತ್ತರ ದಶಕದ ಪ್ರೋಗ್ರೆಸಿವ್ ರಾಕ್‌ನ (ಜಟಿಲವಾದ, ದೀರ್ಘ ರಚನೆಗಳ ರಾಕ್) ಕಡೆಗೆ ತಿರುಗಿದಾಗ ನಾನು ಗೌರವದಿಂದ ಕೇಳಿದೆನೇ ಹೊರತು ಆ ಆಲ್ಬಮ್‌ಗಳಿಗೆ ಮರಳಿ ಮರಳಿ ಹೋಗಲಿಲ್ಲ.

ಈಗಿನ ಆಲ್ಬಮ್‌ನಲ್ಲಿ ಗ್ರೌಲ್ ಇದೆ, ಅದೂ ಅತ್ಯುತ್ತಮವಾಗಿದೆ. ಆದರೆ ಹಾಡುಗಳಿಗೆ ಹೆಸರೇ ಇಲ್ಲ; ಮೊದಲ ಏಳಕ್ಕೂ ಕಾನೂನು ಪತ್ರಗಳಲ್ಲಿರುವಂತೆ ಕಲಂ ಚಿಹ್ನೆ ಮತ್ತು ಸಂಖ್ಯೆ ಮಾತ್ರ. ಒಂದೂ ಎಂಟು ನಿಮಿಷ ಮುಟ್ಟುವುದಿಲ್ಲ. ಒಂದು ರಿಫ್ ಹಿಡಿಸಿತು ಎನ್ನುವಷ್ಟರಲ್ಲಿ ಅದು ಹೋಗಿ ತಂತಿವಾದ್ಯಗಳು ಬಂದಿರುತ್ತವೆ, ಅವುಗಳಿಗೆ ಕಿವಿಗೊಡುವಷ್ಟರಲ್ಲಿ ಯಾರೋ ಮಾತನಾಡುತ್ತಿರುತ್ತಾರೆ. ಹಳೆಯ ಆಲ್ಬಮ್‌ಗಳಲ್ಲಿ ಗ್ರೌಲ್‌ಗೆ ಒಂದು ಪ್ರದೇಶವಿತ್ತು, ಶುದ್ಧ ಗಾಯನಕ್ಕೆ ಇನ್ನೊಂದು. ಇಲ್ಲಿ ಎರಡೂ ಒಂದೇ ಪದ್ಯದೊಳಗೆ ಒಂದರ ಮಾತನ್ನು ಇನ್ನೊಂದು ಕತ್ತರಿಸುತ್ತವೆ.

ಇದನ್ನು ಡೆತ್ ಮೆಟಲ್‌ಗೆ, ಗ್ರೌಲ್ ಪ್ರಧಾನವಾದ ಆ ಕಠೋರ ಮೆಟಲ್ ಶೈಲಿಗೆ, ಮರಳುವಿಕೆ ಎಂದು ಕರೆಯಬಹುದೇ? ಅಥವಾ ಹಳೆಯ ಕೇಳುಗರನ್ನು ಸಮಾಧಾನಪಡಿಸಲು ಹಿಂದಿನ ಆಲ್ಬಮ್ ‘ಇನ್ ಕೌಡಾ ವೆನೆನಮ್’ನಂಥ ಸಂಗೀತದ ಮೇಲೆ ಗ್ರೌಲ್ ಅನ್ನು ಹೊದಿಸಲಾಗಿದೆಯೇ? ಇದನ್ನು ಕೇಳುವ ದಾರಿ ಯಾವುದೆಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ನಿಮ್ಮ ಎರಡನೆಯ ಅನುಮಾನಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಮನಸ್ಸಿನಲ್ಲಿ ಉಳಿದರೆ ಉಳಿದದ್ದಾವುದೂ ಕೇಳಿಸುವುದಿಲ್ಲ. ಓಕರ್‌ಫೆಲ್ಟ್ ಗ್ರೌಲ್ ಅನ್ನು ಎಂದೂ ಕಳೆದುಕೊಂಡಿರಲಿಲ್ಲ. ಆ ಹದಿನಾರು ವರ್ಷಗಳಲ್ಲೂ ವೇದಿಕೆಯ ಮೇಲೆ ಹಳೆಯ ಹಾಡುಗಳನ್ನು ಅದೇ ದನಿಯಲ್ಲಿ ಹಾಡುತ್ತಲೇ ಇದ್ದರು. ಕೇಳುಗರನ್ನು ಒಲಿಸಿಕೊಳ್ಳುವುದೇ ಉದ್ದೇಶವಾಗಿದ್ದರೆ ‘ಹೆರಿಟೇಜ್’ ಬಂದು ಗದ್ದಲವೆದ್ದ ಮಾರನೆಯ ಆಲ್ಬಮ್‌ನಲ್ಲೇ ಅದನ್ನು ಮಾಡಬಹುದಿತ್ತು. ಅವರಿಗೆ ಬೇಕಾಗಿದ್ದುದು ಆ ದನಿಯಲ್ಲಿ ಮಾತನಾಡಲು ಒಬ್ಬ ಮನುಷ್ಯ. ಈ ಕಥೆಯಲ್ಲಿ ಆ ಮನುಷ್ಯ ಸಿಕ್ಕಿದ್ದಾನೆ.

ಕಥೆ ಮೊದಲನೆಯ ಮಹಾಯುದ್ಧದ ನಂತರದ ಕಾಲದ್ದು. ಸಿರಿವಂತನೂ ಸಂಪ್ರದಾಯನಿಷ್ಠನೂ ಆದ ಒಬ್ಬ ಯಜಮಾನ ತೀರಿಕೊಂಡಿದ್ದಾನೆ. ಅವನ ಬಂಗಲೆಯಲ್ಲಿ ಉಯಿಲನ್ನು ಓದಲಾಗುತ್ತಿದೆ. ಕೇಳಲು ಕುಳಿತವರಲ್ಲಿ ಅವನ ಅವಳಿ ಮಕ್ಕಳಿದ್ದಾರೆ, ಜೊತೆಗೆ ಆ ಮನೆಯಲ್ಲೇ ಬೆಳೆದ, ಪೋಲಿಯೊ ಪೀಡಿತಳಾದ ಒಬ್ಬ ಅನಾಥ ಹುಡುಗಿಯೂ ಇದ್ದಾಳೆ. ಇವಳಿಗೆ ಇಲ್ಲೇನು ಕೆಲಸ ಎಂಬ ಅವಳಿಗಳ ಶಂಕೆಯಿಂದಲೇ ಕಥೆ ಬಿಗಿಯಾಗುತ್ತದೆ. ಸಿರಿವಂತರ ಮನೆಯ ವಾರಸಿನ ಜಗಳವನ್ನೇ ವಸ್ತುವಾಗಿಸಿಕೊಂಡ ‘ಸಕ್ಸೆಷನ್’ ಎಂಬ ಟಿವಿ ಸರಣಿ ತಮಗೆ ಪ್ರೇರಣೆಯಾಯಿತೆಂದು ಓಕರ್‌ಫೆಲ್ಟ್ ಅವರೇ ಹೇಳಿದ್ದಾರೆ. ಸಾಹಿತ್ಯ ರಚನೆಯಲ್ಲಿ ಕ್ಲಾರಾ ರೊನ್‌ಕ್ವಿಸ್ಟ್ ಫೋರ್ಸ್ ಅವರ ಕೈಯೂ ಇದೆ.

ಹಾಡುಗಳಿಗೆ ಹೆಸರಿಲ್ಲದಿರುವುದು ನಿಮಗೆ ಕೊರತೆಯಾಗಿ ಕಂಡಿದೆ. ಆದರೆ ನೀವು ಕೇಳುತ್ತಿರುವುದು ಹಾಡುಗಳ ಸಂಗ್ರಹವನ್ನಲ್ಲ, ಒಂದು ದಸ್ತಾವೇಜನ್ನು. ಏಳು ಹಾಡುಗಳು ಆ ಉಯಿಲಿನ ಏಳು ಕಲಂಗಳು. ಸತ್ತವನು ಬರೆದಿಟ್ಟುಹೋದ ಮಾತಿಗೆ ಯಾರೂ ಎದುರು ಮಾತನಾಡಲಾರರು, ಅವನೂ ಇನ್ನು ತಿದ್ದಲಾರ. ಗ್ರೌಲ್‌ಗೆ ಇದಕ್ಕಿಂತ ತಕ್ಕ ನೆಲೆ ಇನ್ನೆಲ್ಲಿದೆ? ಅಪ್ಪಣೆ ಕೊಡುವಾಗ, ಹಂಗಿಸುವಾಗ, ತನ್ನವರ ಮೇಲೆ ತೀರ್ಪು ಹೇಳುವಾಗ ಯಜಮಾನ ಆ ಗಂಟಲಿನಿಂದ ಮಾತನಾಡುತ್ತಾನೆ. ತಪ್ಪೊಪ್ಪಿಕೊಳ್ಳಬೇಕಾದಾಗ, ಅಂಜಿಕೆ ಒಳಗಿನಿಂದ ಇಣುಕಿದಾಗ ಶುದ್ಧ ಗಾಯನಕ್ಕೆ ಜಾರುತ್ತಾನೆ. ಒಂದೇ ಪದ್ಯದೊಳಗೆ ಎರಡು ದನಿಗಳು ಒಂದನ್ನೊಂದು ಕತ್ತರಿಸುತ್ತವೆ ಎಂದಿರಲ್ಲ, ಆ ಕತ್ತರಿಸುವಿಕೆ ಒಬ್ಬನೇ ಮನುಷ್ಯನ ಒಳಗಿನದು ಎಂದು ಭಾವಿಸಿ ಮತ್ತೊಮ್ಮೆ ಕೇಳಿ ನೋಡಿ.

ಉಯಿಲು ಬಯಲಿಗೆಳೆಯುವ ಸಂಗತಿ ಅವಳಿಗಳ ಪಾಲಿಗೆ ಸಿಡಿಲಿನಂಥದು: ಅವರು ಅವನ ರಕ್ತವಲ್ಲ, ಅವನ ಮಗಳೆಂದರೆ ಆ ಹುಡುಗಿ, ಆಸ್ತಿಯೆಲ್ಲ ಅವಳಿಗೆ. ಏಳನೆಯ ಕಲಂ ಮುಗಿದ ಮೇಲೆ ಉಯಿಲೂ ಮುಗಿಯಿತು. ಉಳಿದ ಕೊನೆಯ ಹಾಡಿಗೆ ಮಾತ್ರ ‘ಎ ಸ್ಟೋರಿ ನೆವರ್ ಟೋಲ್ಡ್’ ಎಂಬ ಹೆಸರಿದೆ, ಏಕೆಂದರೆ ಅದು ದಸ್ತಾವೇಜಿನ ಹೊರಗಿನದು. ಎಲ್ಲ ತೀರಿದ ಮೇಲೆ ಒಂದು ಪತ್ರ ಬರುತ್ತದೆ. ಆ ಹುಡುಗಿಯೂ ಅವನ ಮಗಳಲ್ಲ ಎಂಬುದು ಅದರಿಂದ ಹೊರಬೀಳುತ್ತದೆ. ಇಡೀ ಆಲ್ಬಮ್ ಯಾವ ನಂಬಿಕೆಯ ಮೇಲೆ ಗುಡುಗಿತ್ತೋ ಆ ನಂಬಿಕೆಯೇ ಪೊಳ್ಳು. ಆ ಹಾಡಿನಲ್ಲಿ ಒಂದೇ ಒಂದು ಗ್ರೌಲ್ ಇಲ್ಲ. ಸತ್ತವನಿಗೆ ಇನ್ನು ಹೇಳಲು ಏನೂ ಉಳಿದಿಲ್ಲ. ಮಂದವಾದ ಒಂದು ಬ್ಯಾಲಡ್, ಕೊನೆಯಲ್ಲಿ ಫ್ರೆಡ್ರಿಕ್ ಓಕೆಸನ್ ಅವರ ದೀರ್ಘವಾದ ಗಿಟಾರ್ ಸೋಲೋ. ಮೊದಲ ಸಲ ಸಾಹಿತ್ಯವನ್ನು ಮುಂದಿಟ್ಟುಕೊಂಡು ಇದನ್ನು ಕೇಳಿದಾಗ, ಆ ಸೋಲೋ ಮುಗಿದ ಮೇಲೂ ನಾನು ಬಹಳ ಹೊತ್ತು ಬೇರೇನನ್ನೂ ಹಾಕಲಾರದೆ ಕುಳಿತಿದ್ದೆ.

ಕೇಳುವ ದಾರಿ ಕೇಳಿದ್ದೀರಿ. ಸಾಹಿತ್ಯವನ್ನು ಕೈಯಲ್ಲಿ ಹಿಡಿದು, ಹಾಡುಗಳ ಕ್ರಮ ಬದಲಿಸದೆ, ನಡುವೆ ಏಳದೆ ಒಂದೇ ಕೂತಿನಲ್ಲಿ ಕೇಳಿ. ಐವತ್ತು ನಿಮಿಷಗಳ ಆಸುಪಾಸಿನ ಆಲ್ಬಮ್ ಇದು. ಒಂದು ಉಯಿಲನ್ನು ಪೂರ್ತಿ ಓದಿಸಿಕೊಳ್ಳುವಷ್ಟು ಹೊತ್ತು.

ಉತ್ತರ 2

ಮೇಲಿನವರು ಕಥೆಯ ಬಗ್ಗೆ ಹೇಳಿದ್ದನ್ನು ನಾನು ಒಪ್ಪುತ್ತೇನೆ. ಆದರೆ ಡೆತ್ ಮೆಟಲ್‌ಗೆ ಮರಳಿದ್ದಾರೆಯೇ ಎಂಬ ಮೂಲ ಪ್ರಶ್ನೆಯನ್ನು ಅವರು ಮುಟ್ಟಿಲ್ಲ. ನನ್ನ ಉತ್ತರ, ಇಲ್ಲ ಎಂಬುದೇ. ಅದಕ್ಕೆ ಕಾರಣ ಈ ಆಲ್ಬಮ್‌ನಲ್ಲಿ ಮಾತ್ರವಲ್ಲ, ತಂಡದ ಹುಟ್ಟಿನಲ್ಲೂ ಇದೆ.

ಸ್ವೀಡಿಷ್ ಡೆತ್ ಮೆಟಲ್ ಎಂದಾಗ ನಮ್ಮ ಕಿವಿಗೆ ಬರುವುದು ಎರಡು ನಾದಗಳು. ಒಂದು ಸ್ಟಾಕ್‌ಹೋಮ್‌ನದು: ಸನ್‌ಲೈಟ್ ಸ್ಟುಡಿಯೊದಲ್ಲಿ ಟೊಮಾಸ್ ಸ್ಕೋಗ್ಸ್‌ಬರ್ಗ್ ಅವರ ಕೈಯಲ್ಲಿ ರೂಪುಗೊಂಡ, ಬಾಸ್ ಕಂಪನಿಯ ಎಚ್ಎಂ-2 ಪೆಡಲ್‌ನ ಗುಂಡಿಗಳನ್ನೆಲ್ಲ ಕೊನೆಯವರೆಗೆ ತಿರುಗಿಸಿ ಗಿಟಾರ್‌ಗೆ ಗರಗಸದ ಕೊರೆತವನ್ನು ತಂದುಕೊಟ್ಟ ನಾದ. 1990ರ ಎಂಟೂಮ್ಡ್ ತಂಡದ ‘ಲೆಫ್ಟ್ ಹ್ಯಾಂಡ್ ಪಾತ್’, ಮರುವರ್ಷದ ಡಿಸ್ಮೆಂಬರ್ ತಂಡದ ‘ಲೈಕ್ ಆ್ಯನ್ ಎವರ್‌ಫ್ಲೋಯಿಂಗ್ ಸ್ಟ್ರೀಮ್’ ಅದರ ಶಿಖರಗಳು. ಇನ್ನೊಂದು ಯೋತೆಬೊರಿ (ಗೋಥೆನ್‌ಬರ್ಗ್) ನಗರದ್ದು: ಅಟ್ ದಿ ಗೇಟ್ಸ್, ಡಾರ್ಕ್ ಟ್ರ್ಯಾಂಕ್ವಿಲಿಟಿ, ಇನ್ ಫ್ಲೇಮ್ಸ್ ತಂಡಗಳು 1995ರ ಹೊತ್ತಿಗೆ ಪಳಗಿಸಿದ, ಎರಡು ಗಿಟಾರ್‌ಗಳು ಜೊತೆಜೊತೆಯಾಗಿ ರಾಗ ನುಡಿಸುವ ಶೈಲಿ. ಓಪೆಥ್ 1990ರಲ್ಲಿ ಸ್ಟಾಕ್‌ಹೋಮ್‌ನಲ್ಲೇ ಹುಟ್ಟಿದರೂ ಈ ಎರಡರಲ್ಲಿ ಯಾವುದಕ್ಕೂ ಪೂರ್ತಿ ಸೇರಲಿಲ್ಲ. ಅವರ ಮೊದಲ ಎರಡು ಆಲ್ಬಮ್‌ಗಳು, 1995ರ ‘ಆರ್ಕಿಡ್’ ಮತ್ತು 1996ರ ‘ಮಾರ್ನಿಂಗ್‌ರೈಸ್’, ಡಾನ್ ಸ್ವಾನೊ ಅವರ ಯೂನಿಸೌಂಡ್ ಸ್ಟುಡಿಯೊದಲ್ಲಿ ರೆಕಾರ್ಡ್ ಆದವು. ಎರಡನೆಯದರಲ್ಲಿ ಇಪ್ಪತ್ತು ನಿಮಿಷಗಳ ಒಂದು ಹಾಡೇ ಇದೆ. ಅಪ್ಪಟ ಡೆತ್ ಮೆಟಲ್‌ನ ಹಸಿವನ್ನು ಓಕರ್‌ಫೆಲ್ಟ್ ತೀರಿಸಿಕೊಂಡದ್ದು ಬ್ಲಡ್‌ಬಾತ್ ತಂಡದಲ್ಲಿ. 2002ರ ‘ರೆಸರಕ್ಷನ್ ಥ್ರೂ ಕಾರ್ನೇಜ್’ ಕೇಳಿದ ಯಾರಿಗೂ, ಬೇಕೆಂದಾಗ ಅವರು ಎಷ್ಟು ನೇರವಾಗಿ ಆ ಮಾರ್ಗ ಹಿಡಿಯಬಲ್ಲರು ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಹೀಗಿರುವಾಗ ಮರಳುವುದು ಎಲ್ಲಿಗೆ? ಹೊಸ ಆಲ್ಬಮ್‌ನ ಗಿಟಾರ್‌ಗಳು 2002ರ ‘ಡೆಲಿವರೆನ್ಸ್’ ಆಲ್ಬಮ್ ಕಾಲದಂತೆ ಗೋಡೆ ಕಟ್ಟುವುದಿಲ್ಲ. ನಾದ ತೆಳುವಾಗಿದೆ, ವಾದ್ಯಗಳ ನಡುವೆ ಗಾಳಿಯಾಡುತ್ತದೆ, ಗಂಟಲೊಂದೇ ಡೆತ್ ಮೆಟಲ್‌ನದು. ಆ ಗಂಟಲು ಮಾತ್ರ ಬೆರಗು ಹುಟ್ಟಿಸುವಂಥದು: ಆಳವಿದೆ, ಜೊತೆಗೆ ಪ್ರತಿಯೊಂದು ಪದವೂ ಬಿಡಿಬಿಡಿಯಾಗಿ ತಿಳಿಯುತ್ತದೆ. ಉಯಿಲು ಓದುವ ಪ್ರಸಂಗದಲ್ಲಿ ಪದ ತಿಳಿಯದಿದ್ದರೆ ಪ್ರಸಂಗವೇ ಕೆಡುತ್ತಿತ್ತು.

ಪ್ರಶ್ನೆ ಕೇಳಿದವರ ಒಂದು ದೂರನ್ನು ನಾನು ಪೂರ್ತಿಯಾಗಿ ಎತ್ತಿಹಿಡಿಯುತ್ತೇನೆ. ಈ ಹಾಡುಗಳಲ್ಲಿ ವಿಚಾರಗಳು ಒಂದರ ಮೇಲೊಂದು ಬೀಳುತ್ತವೆ. ಎರಡನೆಯ ಕಲಂನ ಐದೂವರೆ ನಿಮಿಷಗಳಲ್ಲಿ ಹಿಂದೊಮ್ಮೆ ಹನ್ನೆರಡು ನಿಮಿಷಗಳಿಗೆ ಸಾಲುತ್ತಿದ್ದಷ್ಟು ಸರಕಿದೆ. ಕಥೆಗೆ ಅದು ಅಗತ್ಯ ಎಂಬ ಸಮರ್ಥನೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ, ಏಕೆಂದರೆ ಕಥೆಯನ್ನು ಬದಿಗಿಟ್ಟರೂ ಸಂಗೀತ ತನ್ನ ಕಾಲಮೇಲೆ ನಿಲ್ಲಬೇಕು. ಮೂರನೆಯ ಕಲಂ ನನ್ನ ಮಟ್ಟಿಗೆ ಹಾಗೆ ನಿಲ್ಲುವುದಿಲ್ಲ. ಐದನೆಯದು ನಿಲ್ಲುತ್ತದೆ, ಅಲ್ಲಿ ತಂತಿವಾದ್ಯಗಳೂ ಗ್ರೌಲ್ ಕೂಡ ಒಂದೇ ಲಯದ ಬೆನ್ನೇರಿ ಮುನ್ನುಗ್ಗುವ ಭಾಗದಲ್ಲಿ ಅವರು ಮೊದಲ ಬಾರಿಗೆ ಅವಸರ ಬಿಟ್ಟಿದ್ದಾರೆ ಎನಿಸುತ್ತದೆ.

ಉತ್ತರ 3

ಇಲ್ಲಿಯವರೆಗೆ ಡ್ರಮ್ಸ್ ಬಗ್ಗೆ ಯಾರೂ ಒಂದು ಮಾತನ್ನೂ ಆಡದಿರುವುದು ನನಗೆ ಸೋಜಿಗ. ಈ ಆಲ್ಬಮ್ ಹೀಗೆ ಕೇಳಿಸುವುದಕ್ಕೆ ವಾಲ್ಟೆರಿ ವ್ಯಾಯ್ರಿನೆನ್ ಅವರೇ ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ. ಪ್ಯಾರಡೈಸ್ ಲಾಸ್ಟ್ ತಂಡದಲ್ಲಿ ನುಡಿಸುತ್ತಿದ್ದ ಈ ಫಿನ್‌ಲೆಂಡಿನ ಡ್ರಮ್ಮರ್ 2022ರಲ್ಲಿ ಓಪೆಥ್ ಸೇರಿದರು. ಅವರು ತಂಡದೊಡನೆ ಮಾಡಿದ ಮೊದಲ ಆಲ್ಬಮ್ ಇದು. ಪ್ಯಾರಡೈಸ್ ಲಾಸ್ಟ್‌ನ ‘ಮೆಡೂಸಾ’ದಲ್ಲಿ ಅವರು ನಿಧಾನಗತಿಯಲ್ಲಿ, ಪ್ರತಿ ಪೆಟ್ಟಿಗೂ ಭಾರ ಕೊಟ್ಟು ನುಡಿಸಿದ್ದನ್ನು ಕೇಳಿದವರಿಗೆ ಇಲ್ಲಿ ಸಿಗುವ ಮನುಷ್ಯನೇ ಬೇರೆ. ಸ್ನೇರ್‌ನ ಮೇಲೆ ಜಾಝ್ ನುಡಿಸುವವರ ಹಗುರವಾದ ಸಣ್ಣ ಪೆಟ್ಟುಗಳು, ಮರುಕ್ಷಣದಲ್ಲೇ ಎರಡೂ ಕಾಲುಗಳಿಂದ ನುಡಿಸುವ ಡಬಲ್ ಬಾಸ್ ಡ್ರಮ್, ಅದರ ಮರುಕ್ಷಣ ಬರಿಯ ಸಿಂಬಲ್. ಈ ಬದಲಾವಣೆಗಳ ನಡುವೆ ಎಲ್ಲೂ ಹೊಲಿಗೆ ಕಾಣುವುದಿಲ್ಲ.

ಸಂಗೀತ ಪದೇ ಪದೇ ದಿಕ್ಕು ಬದಲಿಸುತ್ತದೆ ಎಂದು ನೀವಿಬ್ಬರೂ ಬರೆದಿದ್ದೀರಿ. ಹಾಗನಿಸಿದಾಗ ಗಿಟಾರ್ ಬಿಟ್ಟು ಡ್ರಮ್ಸ್ ಮತ್ತು ಮಾರ್ಟಿನ್ ಮೆಂಡೆಸ್ ಅವರ ಬಾಸ್ ಗಿಟಾರ್‌ನ ಬೆನ್ನು ಹತ್ತಿ. ಗಿಟಾರ್, ಕೀಬೋರ್ಡ್, ತಂತಿವಾದ್ಯಗಳು ಮೇಲೆ ಎಷ್ಟೇ ಚದುರಿದರೂ ಅವರಿಬ್ಬರು ಕೆಳಗೆ ಒಂದೇ ದಾರದಲ್ಲಿ ಪೋಣಿಸುತ್ತಾ ಹೋಗುತ್ತಾರೆ. ವೇಲ್ಸ್‌ನ ರಾಕ್‌ಫೀಲ್ಡ್ ಸ್ಟುಡಿಯೊದಲ್ಲಿ, ಅಂದರೆ ‘ಪೇಲ್ ಕಮ್ಯೂನಿಯನ್’ ಮತ್ತು ‘ಸಾರ್ಸೆರೆಸ್’ ಆಲ್ಬಮ್‌ಗಳಿಗೂ ಅವರು ಹೋಗಿದ್ದ ಜಾಗದಲ್ಲೇ, ಇದು ರೆಕಾರ್ಡ್ ಆಗಿದೆ. ಡ್ರಮ್ಸ್‌ನ ಸುತ್ತ ಒಂದು ನಿಜವಾದ ಕೋಣೆಯಿದೆ ಎಂಬುದು ಹೆಡ್‌ಫೋನ್‌ನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಅತಿಥಿಗಳ ಬಗ್ಗೆಯೂ ಹೇಳಬೇಕು. ನಡುವೆ ಯಾರೋ ಮಾತನಾಡುತ್ತಾರೆ ಎಂದಿದ್ದೀರಿ. ಆ ಯಾರೋ ಜೆಥ್ರೊ ಟಲ್ ಎಂಬ ಬ್ರಿಟಿಷ್ ರಾಕ್ ತಂಡದ ಇಯಾನ್ ಆ್ಯಂಡರ್ಸನ್. ಒಂದು, ಎರಡು, ನಾಲ್ಕು ಮತ್ತು ಏಳನೆಯ ಕಲಂಗಳಲ್ಲಿ ಅವರ ವಾಚನವಿದೆ, ನಾಲ್ಕು ಮತ್ತು ಏಳರಲ್ಲಿ ಅವರ ಕೊಳಲೂ ಇದೆ. ಎಪ್ಪತ್ತರ ದಶಕದ ಪ್ರೋಗ್ರೆಸಿವ್ ರಾಕ್ ಅನ್ನು ಹತ್ತಾರು ವರ್ಷಗಳಿಂದ ಹಚ್ಚಿಕೊಂಡು ಬಂದ ಓಕರ್‌ಫೆಲ್ಟ್ ಅವರಿಗೆ ಅದು ಎಂಥ ಗಳಿಗೆಯಾಗಿರಬೇಕೆಂದು ಊಹಿಸಬಹುದು. ನಾಲ್ಕನೆಯ ಕಲಂನಲ್ಲಿ ಹಾರ್ಪ್ ಮತ್ತು ಕೊಳಲು ಮುಗಿದು ಗ್ರೌಲ್ ಅಪ್ಪಳಿಸುವ ಜಾಗವನ್ನು ನಾನು ದಿನಕ್ಕೊಮ್ಮೆಯಾದರೂ ಕೇಳುತ್ತೇನೆ. ಎರಡನೆಯ ಕಲಂನ ಹಿನ್ನೆಲೆ ಗಾಯನದಲ್ಲಿ ಯೂರೋಪ್ ಎಂಬ ಸ್ವೀಡಿಷ್ ರಾಕ್ ತಂಡದ ಜೋಯಿ ಟೆಂಪೆಸ್ಟ್ ಇದ್ದಾರೆ. ಮೊದಲನೆಯದರಲ್ಲಿ ಕೇಳಿಬರುವ ಎಳೆಯ ಹೆಣ್ಣುದನಿ ಓಕರ್‌ಫೆಲ್ಟ್ ಅವರ ಮಗಳದ್ದು. ತಂದೆ ಯಾರು, ಮಕ್ಕಳು ಯಾರ ಮಕ್ಕಳು ಎಂದು ಬಗೆಯುವ ಆಲ್ಬಮ್‌ನ ಬಾಗಿಲಲ್ಲೇ ಸ್ವಂತ ಮಗಳ ದನಿಯನ್ನು ಇಟ್ಟಿದ್ದಾರೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ರಾತ್ರಿ ದೀಪ ಹಚ್ಚಿಕೊಂಡು, ಸಾಹಿತ್ಯವನ್ನು ಮುಂದಿಟ್ಟುಕೊಂಡು ಮತ್ತೊಮ್ಮೆ ಕೇಳಿದೆ. ಮೊದಲ ನಾಲ್ಕು ಸಲ ನಾನು ಕೇಳಿದ್ದು ಯಾವ ಆಲ್ಬಮ್ ಎಂದು ನನಗೇ ಅಚ್ಚರಿಯಾಗಿದೆ. ಗ್ರೌಲ್ ಎಲ್ಲಿ ಬರುತ್ತದೆ ಎಂದು ಕಾಯುತ್ತಿದ್ದ ನಾನು, ಬಂದಾಗ ಹಿಗ್ಗುತ್ತಾ ಹೋದಾಗ ಕುಗ್ಗುತ್ತಾ, ಹೇಳುತ್ತಿರುವ ಮಾತಿಗೆ ಕಿವಿಯನ್ನೇ ಕೊಟ್ಟಿರಲಿಲ್ಲ. ಈ ಸಲ ಆ ದನಿ ಬಂದಾಗಲೆಲ್ಲ ಎದುರು ಕುಳಿತ ಅವಳಿಗಳ ಮುಖವೇ ಕಣ್ಣ ಮುಂದೆ ಬರುತ್ತಿತ್ತು. ನನಗೆ ಹಿಡಿಸುತ್ತಿದ್ದ ಅದೇ ಗ್ರೌಲ್ ಅವರ ಪಾಲಿಗೆ ಏನಾಗಿದೆ ಎಂದು ಯೋಚಿಸಿದಾಗ ಮೈ ಜುಮ್ಮೆಂದಿತು.

ಆದರೆ ಎರಡನೆಯ ಉತ್ತರದಲ್ಲಿ ಹೇಳಿದ ಕೊರತೆ ನನಗೆ ಉಳಿದೇ ಇದೆ. ಎರಡು ಮತ್ತು ಮೂರನೆಯ ಕಲಂಗಳಲ್ಲಿ ಇನ್ನೂ ಉಸಿರುಕಟ್ಟುತ್ತದೆ. ಐದನೆಯದು ಈಗ ಪೂರ್ತಿಯಾಗಿ ತೆರೆದುಕೊಂಡಿದೆ, ಮೂರನೆಯ ಉತ್ತರದವರು ಹೇಳಿದಂತೆ ಬಾಸ್ ಗಿಟಾರ್‌ನ ಬೆನ್ನು ಹತ್ತಿದ ಮೇಲೆ ಆರನೆಯದೂ ಸಡಿಲವಾಯಿತು. ಕೊನೆಯ ಹಾಡಿನ ಬಗ್ಗೆ ಸದ್ಯಕ್ಕೆ ಬರೆಯಲಾರೆ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಸತ್ತವನೇ ಕಥೆ ಹೇಳುವ ಈ ಬಗೆ ಓಪೆಥ್‌ಗೆ ಹೊಸದೇ?

ಉತ್ತರ 1 ಬರೆದವರಿಂದ

ಹೊಸದಲ್ಲ. 1998ರ ‘ಮೈ ಆರ್ಮ್ಸ್, ಯುವರ್ ಹರ್ಸ್’ ಅವರ ಮೊದಲ ಕಥಾ ಆಲ್ಬಮ್. ಅದರಲ್ಲೂ ನಾಯಕ ಸತ್ತು ಪ್ರೇತವಾಗಿ, ತನ್ನ ಪ್ರಿಯತಮೆ ತನಗಾಗಿ ತಕ್ಕಷ್ಟು ದುಃಖಿಸುತ್ತಿಲ್ಲ ಎಂಬ ಸಂಕಟದಲ್ಲಿ ಅವಳ ಸುತ್ತ ಸುಳಿಯುತ್ತಾನೆ. ಅಲ್ಲಿನ ಗ್ರೌಲ್ ಇಪ್ಪತ್ತರ ಹರೆಯದ ಒಬ್ಬ ಹುಡುಗನದು; ಬಿಟ್ಟುಹೋಗಲಾರದವನ ಕೂಗು ಅದು. ಇಲ್ಲಿ ಐವತ್ತರ ಗಂಟಲಿನಿಂದ ಬರುವ ಗ್ರೌಲ್ ಹೋದ ಮೇಲೂ ಹಿಡಿತ ಬಿಡದವನದು. ಎರಡನ್ನೂ ಒಂದೇ ಸಂಜೆ ಕೇಳಿ, ಹಳೆಯದನ್ನು ಮೊದಲು. ಅದರಲ್ಲಿ ಒಂದು ಹಾಡಿನ ಸಾಹಿತ್ಯದ ಕೊನೆಯ ಪದವೇ ಮುಂದಿನ ಹಾಡಿನ ಹೆಸರಾಗಿದೆ. ಆ ಹಾಡುಗಳನ್ನು ಒಂದಕ್ಕೊಂದು ಕಟ್ಟಿದ ಕೊಂಡಿ ಅದು. ಆಮೇಲೆ ಹೆಸರೇ ಇಲ್ಲದ ಈ ಏಳು ಕಲಂಗಳಿಗೆ ಬನ್ನಿ. ಕೊನೆಯ ಹಾಡಿನ ಬಗ್ಗೆ ಬರೆಯಲು ಸಾಧ್ಯವಾದ ದಿನ ದಯವಿಟ್ಟು ಇಲ್ಲಿಯೇ ಬರೆಯಿರಿ, ನಾನು ಕಾಯುತ್ತಿರುತ್ತೇನೆ.